ಹಲಗಕ್ಕನ ಐದನೇ ಹಲಗೆ

ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆಲ್ಲ ಅವಳು ಹಲಗಕ್ಕ. ಗೇಟಿನ ಕಾವಲುಗಾರನಿಂದ ಹಿಡಿದು ಮ್ಯಾನೇಜರ್‌ವರೆಗೆ ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಯಾರಾದರೂ ಅವಸರದಲ್ಲಿ ಬಂದು “ಆಯ್ತಾ ಅಕ್ಕಾ, ಪಾಸಾ?” ಅಂದರೆ ಅವಳು ತಲೆ ಎತ್ತದೆ ಹೇಳುತ್ತಿದ್ದ ಮಾತು ಒಂದೇ: “ಇನ್ನೊಂದು ಹಲಗೆ ನೋಡೋಣ.”

ಅಲ್ಲಿ ತಯಾರಾಗುತ್ತಿದ್ದುದು ಫ್ಯೂಸ್. ಕಿರುಬೆರಳಿನಷ್ಟು ಉದ್ದದ ಪಿಂಗಾಣಿ ಕೊಳವೆ, ಎರಡೂ ತುದಿಗೆ ಹಿತ್ತಾಳೆಯ ಟೋಪಿ, ಒಳಗೆ ಕೂದಲೆಳೆಯಂಥ ತಂತಿ. ಬೇರೆ ಸಾಮಾನೆಲ್ಲ ಹೆಚ್ಚು ದಿನ ಬಾಳಿದರೆ ಒಳ್ಳೆಯದು ಅನ್ನಿಸಿಕೊಳ್ಳುತ್ತದೆ. ಫ್ಯೂಸ್ ಮಾತ್ರ ಸಾಯಬೇಕಾದ ಹೊತ್ತಿಗೆ ತಪ್ಪದೆ ಸತ್ತರೆ ಒಳ್ಳೆಯದು. ಕರೆಂಟ್ ಅತಿಯಾದಾಗ ತಾನು ಸುಟ್ಟುಹೋಗಿ ಮನೆ ಸುಡದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ. ಹಾಗಾಗಿ ಅದನ್ನು ಪರೀಕ್ಷೆ ಮಾಡಲು ಇರುವ ದಾರಿಯೂ ಒಂದೇ, ಸುಡುವುದು. ಸುಟ್ಟ ಮೇಲೆ ಅದು ಒಳ್ಳೆಯದಿತ್ತೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಆಗ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ.

ಹಲಗಕ್ಕ ಹುಟ್ಟಿದ್ದು ಕಲ್ಲುಗಣಿಯ ಪಕ್ಕದ ಹಳ್ಳಿಯಲ್ಲಿ. ಹತ್ತನೇ ತರಗತಿ ಪಾಸಾದ ಮೇಲೆ ಮದುವೆಯಾಗಿ ಈ ಊರಿಗೆ ಬಂದಳು. ಗಂಡ ಬಸ್ ಡಿಪೋದಲ್ಲಿ ಟೈರು ಬದಲಿಸುವ ಕೆಲಸದಲ್ಲಿದ್ದ. ಮಗಳು ಹುಟ್ಟಿ ಎರಡು ವರ್ಷಕ್ಕೆ ಕಾರ್ಖಾನೆಯ ಪ್ಯಾಕಿಂಗ್‌ಗೆ ಸೇರಿದಳು. ಪರೀಕ್ಷೆ ಕೋಣೆಯನ್ನು ಆಗ ನೋಡಿಕೊಳ್ಳುತ್ತಿದ್ದವರು ಒಬ್ಬ ಮುದುಕ. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲದಿದ್ದರೂ ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಒಂದು ದಿನ ಮೇಷ್ಟ್ರು ಪ್ಯಾಕಿಂಗ್‌ನ ಹುಡುಗಿಯರನ್ನೆಲ್ಲ ನಿಲ್ಲಿಸಿ, ಒಂದು ಪೆಟ್ಟಿಗೆ ತೋರಿಸಿ ಎಷ್ಟು ಫ್ಯೂಸ್ ಇವೆ ಎಂದು ಕೇಳಿದರು. ಒಬ್ಬಳು ಸುಮಾರು ಐವತ್ತು ಅಂದಳು. ಇನ್ನೊಬ್ಬಳು ನಲವತ್ತರ ಮೇಲೆ ಅಂದಳು. ಇವಳು, “ಎಣಿಸಿಲ್ಲ ಸರ್, ಗೊತ್ತಿಲ್ಲ” ಅಂದಳು. ಮಾರನೆಯ ದಿನದಿಂದ ಇವಳು ಪರೀಕ್ಷೆ ಕೋಣೆಗೆ.

ಮೇಷ್ಟ್ರು ಕಲಿಸಿದ ವಿದ್ಯೆ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿತ್ತು. ಒಂದು ಗ್ರಾಫ್ ಹಾಳೆ. ಅದರ ಮೇಲೆ ಎಡದಿಂದ ಬಲಕ್ಕೆ ನಿಧಾನವಾಗಿ ಏರುವ ಎರಡು ಗೆರೆ, ಕೆಳಗೆ ಹಸಿರು, ಮೇಲೆ ಕೆಂಪು. ನಡುವೆ ಉಳಿದ ಜಾಗಕ್ಕೆ ಮೇಷ್ಟ್ರು ಓಣಿ ಅನ್ನುತ್ತಿದ್ದರು. ಪರೀಕ್ಷೆಯ ಹಲಗೆಗೆ ಹನ್ನೆರಡು ಹಿಡಿಕೆ. ಹನ್ನೆರಡು ಫ್ಯೂಸ್ ಕೂರಿಸಿ, ಒಂದೊಂದಕ್ಕೂ ತಡೆಯಲಾರದಷ್ಟು ಕರೆಂಟ್ ಕೊಡಬೇಕು. ಫ್ಯೂಸಿನ ತಲೆಯ ಮೇಲಿನ ದೀಪ ಹತ್ತಿಕೊಳ್ಳುತ್ತದೆ. ಹತ್ತು ಸೆಕೆಂಡಿನೊಳಗೆ ಫ್ಯೂಸ್ ಸುಟ್ಟು ದೀಪ ಆರಿದರೆ ಅದು ಒಳ್ಳೆಯದು. ಗಂಟೆ ಹೊಡೆದರೂ ದೀಪ ಉರಿಯುತ್ತಿದ್ದರೆ ಅದಕ್ಕೆ ಆ ಕೋಣೆಯಲ್ಲಿದ್ದ ಹೆಸರು ಹಟಮಾರಿ. ಹಲಗೆ ಮುಗಿದ ಮೇಲೆ ಅಲ್ಲಿಯವರೆಗಿನ ಹಟಮಾರಿಗಳನ್ನೆಲ್ಲ ಎಣಿಸಿ ಹಾಳೆಯ ಮೇಲೆ ಒಂದು ಚುಕ್ಕೆ ಇಡಬೇಕು; ಸುಟ್ಟದ್ದು ಎಷ್ಟೆಂದು ಅಡ್ಡಕ್ಕೆ, ಹಟಮಾರಿ ಎಷ್ಟೆಂದು ಮೇಲಕ್ಕೆ. ಚುಕ್ಕೆ ಹಸಿರಿನ ಕೆಳಗೆ ಬಿದ್ದರೆ ಇಡೀ ಸರಕು ಪಾಸು. ಕೆಂಪಿನ ಮೇಲೆ ಹೋದರೆ ವಾಪಸ್ಸು. ಓಣಿಯಲ್ಲೇ ನಿಂತರೆ ಇನ್ನೊಂದು ಹಲಗೆ.

“ಒಂದೇ ಸಲ ನೂರು ಸುಟ್ಟು ನೋಡಿದರೆ ಆಗಲ್ವಾ ಸರ್?” ಎಂದು ಅವಳು ಮೊದಲ ವಾರವೇ ಕೇಳಿದ್ದಳು.

“ಮೂರು ಹಲಗೆಗೆ ಗೊತ್ತಾಗೋ ವಿಷಯಕ್ಕೆ ನೂರು ಯಾಕಮ್ಮ ಸುಡ್ತೀಯ?”

“ಹಾಗಾದ್ರೆ ಯಾವಾಗ್ಲೂ ಮೂರೇ ಸಾಕಲ್ವಾ?”

“ಮೂರಕ್ಕೆ ಗೊತ್ತಾಗದೇ ಇದ್ರೆ? ಸರಕು ಒಳ್ಳೇದಿದ್ರೆ ಬೇಗ ಹೇಳುತ್ತೆ. ತೀರಾ ಕೆಟ್ಟದ್ದಿದ್ರೆ ಇನ್ನೂ ಬೇಗ ಹೇಳುತ್ತೆ. ನಡುವೆ ಇರೋದು ಬಾಯಿ ಬಿಡೋಕೆ ಹೊತ್ತು ತಗೊಳುತ್ತೆ. ಅದರ ಹೊತ್ತು ಅದಕ್ಕೆ ಕೊಡಬೇಕು.”

ಮೇಷ್ಟ್ರು ಕಟ್ಟುನಿಟ್ಟಾಗಿ ಹೇಳಿದ ಇನ್ನೊಂದು ಮಾತಿತ್ತು. ಹಲಗೆಯ ನಡುವೆ ಎಣಿಸಬಾರದು, ನಡುವೆ ನಿಲ್ಲಿಸಬಾರದು. ಹನ್ನೆರಡೂ ಮುಗಿದ ಮೇಲೆಯೇ ಹಾಳೆಯ ಕಡೆ ನೋಡಬೇಕು. “ನಮಗೆ ಬೇಕಾದ ಜಾಗದಲ್ಲಿ ನಿಲ್ಲಿಸೋಕೆ ಶುರು ಮಾಡಿದ್ರೆ ಅದು ಪರೀಕ್ಷೆ ಅಲ್ಲ ಕಣಮ್ಮ, ನಮ್ಮ ಆಸೆ” ಅನ್ನುತ್ತಿದ್ದರು. ಮೇಷ್ಟ್ರು ಹೋಗಿ ಹದಿನಾಲ್ಕು ವರ್ಷವಾಗಿತ್ತು. ಆ ಕೋಣೆಗೆ ಬಂದ ದಿನದಿಂದ ಇಂದಿನವರೆಗೆ ಅವಳು ಒಂದು ಹಲಗೆಯನ್ನೂ ನಡುವೆ ನಿಲ್ಲಿಸಿರಲಿಲ್ಲ.

ಈ ಬುದ್ಧಿ ಮನೆಗೂ ಬಂದಿತ್ತು. ಬಟ್ಟೆ ಅಂಗಡಿಯಲ್ಲಿ, ಮನೆ ಬಾಡಿಗೆಗೆ ನೋಡುವಾಗ, ಮಗಳನ್ನು ಕಾಲೇಜಿಗೆ ಸೇರಿಸುವಾಗ, ಎಲ್ಲ ಕಡೆ “ಇನ್ನೂ ಒಂದಷ್ಟು ನೋಡೋಣ” ಎಂದೇ ಅವಳ ಮಾತು. ಅತ್ತೆ ಒಂದು ದಿನ ಸೊಪ್ಪು ಬಿಡಿಸುತ್ತ, “ನನ್ನ ಮಗ ಪುಣ್ಯವಂತ ಬಿಡು. ನೀನು ಈ ಕೆಲಸಕ್ಕೆ ಸೇರೋ ಮುಂಚೆನೇ ಮದುವೆ ಆಗಿಬಿಟ್ಟ. ಮಗಳಿಗೆ ಗಂಡು ನೋಡೋವಾಗ ಏನ್ ಮಾಡ್ತೀಯೋ ನಾ ಕಾಣೆ. ಹನ್ನೆರಡು ಹನ್ನೆರಡು ಜನನ್ನ ಕರೆಸಿ ಸಾಲಾಗಿ ಕೂರಿಸ್ತೀಯಾ?” ಅಂದಿದ್ದರು.

“ಕೂರಿಸಿದ್ರೆ ಏನಂತೆ ಅತ್ತೆ?”

“ಪಾಪ, ಕರೆಂಟ್ ಮಾತ್ರ ಕೊಡಬೇಡಮ್ಮ.”

ಈಗ ಅವಳಿಗೆ ನಲವತ್ತೇಳು. ಪರೀಕ್ಷೆ ವಿಭಾಗಕ್ಕೆ ಒಬ್ಬರನ್ನು ಇನ್‌ಚಾರ್ಜ್ ಮಾಡುವುದೆಂದು ಕಾರ್ಖಾನೆ ತೀರ್ಮಾನಿಸಿತ್ತು. ಎರಡು ಹೆಸರು ಮ್ಯಾನೇಜರ್ ಮೇಜಿನ ಮೇಲಿತ್ತು. ಒಂದು ಅವಳದು. ಇನ್ನೊಂದು ಉಗ್ರಾಣದ ಗುಮಾಸ್ತನದು; ಅವನು ಡಿಪ್ಲೊಮಾ ಓದಿದವನು. ಶುಕ್ರವಾರ ತೀರ್ಮಾನ. ಅವಳಿಗೆ ಆ ಕುರ್ಚಿಯ ಮೇಲೆ ಆಸೆ ಇತ್ತು, ಮುಚ್ಚಿಡುವಂಥದ್ದೇನೂ ಇರಲಿಲ್ಲ. ಮೇಷ್ಟ್ರು ಕೂತಿದ್ದ ಮೂಲೆ ಅದು. ಹತ್ತನೇ ತರಗತಿಯವಳು ಅಲ್ಲಿ ಕೂತರೆ ಕಲ್ಲುಗಣಿಯ ಹಳ್ಳಿಯಲ್ಲಿ ಅವಳ ಅಣ್ಣ ಒಂದು ವಾರ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದ.

ಅವಳ ಹೆಸರು ಮೇಲೆ ಬರಲು ಕಾರಣವಾದದ್ದು ಅವಳೇ ಮಾಡಿಸಿದ ಹೊಸ ಹಲಗೆ. ಮೊದಲೆಲ್ಲ ನಾಲ್ಕು ಯಂತ್ರಗಳಿಂದ ಬರುವ ಫ್ಯೂಸ್ ಒಂದೇ ತೊಟ್ಟಿಗೆ ಬೀಳುತ್ತಿದ್ದವು. ಅವಳು ಕೈ ಹಾಕಿ ಒಂದೊಂದಾಗಿ ಹನ್ನೆರಡು ತೆಗೆಯುತ್ತಿದ್ದಳು. ಟೋಪಿಯ ಅಂಚು ತಾಗಿ ಬೆರಳ ತುದಿಯೆಲ್ಲ ಗೀರು. ಆರು ತಿಂಗಳ ಹಿಂದೆ ಹೊಸ ಪ್ಯಾಕಿಂಗ್ ಯಂತ್ರ ಬಂತು. ಅದು ಫ್ಯೂಸ್‌ಗಳನ್ನು ಪೆಟ್ಟಿಗೆಯಲ್ಲಿ ನಾಲ್ಕು ಪದರವಾಗಿ ಜೋಡಿಸುತ್ತಿತ್ತು, ಪದರಕ್ಕೆ ಹನ್ನೆರಡು. ಹಲಗಕ್ಕ ಅದನ್ನು ನೋಡಿದವಳೇ ಬಡಗಿಯ ಹತ್ತಿರ ಹೋಗಿ, ಪದರದ ಅಳತೆಗೆ ಸರಿಯಾಗಿ ಸ್ಪ್ರಿಂಗ್ ಹಿಡಿಕೆ ಇರುವ ಹಲಗೆ ಮಾಡಿಸಿದಳು. ಪೆಟ್ಟಿಗೆಯ ಮೇಲೆ ಇಟ್ಟು ಒತ್ತಿದರೆ ಸಾಕು, ಮೇಲಿನ ಪದರದ ಹನ್ನೆರಡೂ ಕಚ್ಚಿಕೊಂಡು ಬರುತ್ತಿದ್ದವು. ಕಾಲು ಗಂಟೆಯ ಕೆಲಸ ಒಂದು ನಿಮಿಷಕ್ಕಿಳಿಯಿತು. ಮ್ಯಾನೇಜರ್ ಎಲ್ಲರ ಮುಂದೆ ಅವಳನ್ನು ಹೊಗಳಿ, ಬೇರೆ ಊರಿನ ಕಾರ್ಖಾನೆಗೂ ಅದರ ಚಿತ್ರ ಕಳಿಸಿದ್ದ.

ಆ ಬುಧವಾರ ಬೆಳಿಗ್ಗೆ ವಾರದ ಸರಕು ಬಂತು. ಐನೂರು ಪೆಟ್ಟಿಗೆ. ಲಾರಿ ಬರುವುದು ನಾಲ್ಕು ಗಂಟೆಗೆ. ಹಲಗಕ್ಕ ಎಂದಿನಂತೆ ರಾಶಿಯ ಮುಂದಿನಿಂದ ಒಂದು, ನಡುವಿನಿಂದ ಒಂದು, ಹಿಂದಿನಿಂದ ಒಂದು ಪೆಟ್ಟಿಗೆ ತೆಗೆಸಿದಳು. ಮೂರು ಹಲಗೆ ಸುಟ್ಟಳು. ಮೂವತ್ತಾರು ದೀಪವೂ ಹತ್ತು ಸೆಕೆಂಡಿನೊಳಗೆ ಆರಿದವು. ಮೂರನೇ ಚುಕ್ಕೆ ಹಸಿರು ಗೆರೆಯ ಕೆಳಗೆ ಬಿತ್ತು. ಪುಸ್ತಕದಲ್ಲಿ ಪಾಸು ಎಂದು ಬರೆದು ಸಹಿ ಮಾಡಿದಳು. ಇನ್ನೂ ಹನ್ನೊಂದು ಗಂಟೆಯಾಗಿರಲಿಲ್ಲ.

ಊಟದ ಹೊತ್ತಿಗೆ ಫಿಟ್ಟರ್ ಬಂದ. ಯಂತ್ರಗಳ ರಿಪೇರಿ ಮಾಡುವವನು, ಬಾಯಿ ಸುಮ್ಮನಿರದ ಮನುಷ್ಯ. “ಏನಕ್ಕಾ, ಶುಕ್ರವಾರದಿಂದ ನಿಮ್ಮ ಕೋಣೆಗೆ ಬರಬೇಕಾದ್ರೆ ಚೀಟಿ ಬರೆದು ಕಳಿಸಬೇಕೋ, ಇಲ್ಲಾ ಬಾಗಿಲು ತಟ್ಟಿದ್ರೆ ಸಾಕೋ?”

“ಚಪ್ಪಲಿ ಹೊರಗೆ ಬಿಟ್ಟು, ಎಣ್ಣೆ ಕೈ ತೊಳ್ಕೊಂಡು ಬಂದ್ರೆ ಸಾಕು. ಏನು ಬೇಕು ಹೇಳ್ರಿ.”

“ಮೂರನೇ ಯಂತ್ರದಲ್ಲಿ ತಂತಿ ಎಳೆಯೋ ಚಕ್ರ ಬದಲಾಯಿಸಿ ಒಂಬತ್ತು ದಿನ ಆಯ್ತು. ಅದರ ಫ್ಯೂಸ್ ಹೇಗೆ ಸುಡ್ತಿದೆ ಅಂತ ಒಡೆದು ನೋಡಬೇಕು. ಸುಟ್ಟಿದ್ದು ಒಂದು ಹತ್ತು ಕೊಡಿ.”

ಯಾವ ಫ್ಯೂಸ್ ಯಾವ ಯಂತ್ರದ್ದು ಎಂದು ತಿಳಿಯಲು ಟೋಪಿಯ ಮೇಲೆ ಸಣ್ಣ ಚುಕ್ಕೆ ಒತ್ತಿರುತ್ತದೆ. ಮೊದಲನೇ ಯಂತ್ರಕ್ಕೆ ಒಂದು ಚುಕ್ಕೆ, ನಾಲ್ಕನೆಯದಕ್ಕೆ ನಾಲ್ಕು. ಹಲಗಕ್ಕ ಸುಟ್ಟ ಫ್ಯೂಸಿನ ಡಬ್ಬಕ್ಕೆ ಕೈ ಹಾಕಿದಳು. ಒಂದು ಚುಕ್ಕೆ. ಇನ್ನೊಂದು ತೆಗೆದಳು, ಒಂದೇ ಚುಕ್ಕೆ. ಹಿಡಿ ತುಂಬ ತೆಗೆದು ಮೇಜಿನ ಮೇಲೆ ಹರಡಿದಳು. ಎಲ್ಲವೂ ಒಂದು ಚುಕ್ಕೆ.

“ಸಿಗಲಿಲ್ವಾ?” ಅಂದ ಫಿಟ್ಟರ್.

“ಹುಡುಕಿ ಆಮೇಲೆ ಕೊಡ್ತೀನಿ. ನೀವು ಊಟ ಮಾಡಿ ಬನ್ನಿ.”

ಅವನು ಹೋದ ಮೇಲೆ ಬಾಗಿಲು ಮುಚ್ಚಿ ಡಬ್ಬವನ್ನು ಪೂರ್ತಿ ಸುರಿದಳು. ಸಾವಿರದ ಮೇಲಿತ್ತು ಆ ರಾಶಿ. ಕನ್ನಡಕ ಏರಿಸಿ ಸಾಲು ಸಾಲಾಗಿ ನೋಡಿದಳು. ಒಂದು ಚುಕ್ಕೆ ಬಿಟ್ಟು ಎರಡು ಚುಕ್ಕೆಯದು ಒಂದೂ ಇಲ್ಲ. ಮೂಲೆಯಲ್ಲಿ ಗುಜರಿಗೆ ಹೋಗಲು ಕಾದಿದ್ದ ಕಳೆದ ವರ್ಷದ ಡಬ್ಬ ಬಗ್ಗಿಸಿದಳು. ಅದರಲ್ಲಿ ಒಂದು, ಎರಡು, ಮೂರು, ನಾಲ್ಕು ಎಲ್ಲ ಕಲಸಿಕೊಂಡಿದ್ದವು.

ಉಳಿದದ್ದನ್ನು ಯಾರೂ ಹೇಳಬೇಕಿರಲಿಲ್ಲ. ಒಂದು ಹೊಸ ಪೆಟ್ಟಿಗೆ ಬಿಚ್ಚಿ ಪದರ ಪದರವಾಗಿ ಎತ್ತಿ ನೋಡಿದಳು. ತಳದಲ್ಲಿ ನಾಲ್ಕನೇ ಯಂತ್ರದ ಹನ್ನೆರಡು, ಅದರ ಮೇಲೆ ಮೂರನೆಯದರದ್ದು, ಅದರ ಮೇಲೆ ಎರಡನೆಯದರದ್ದು, ತುತ್ತತುದಿಯಲ್ಲಿ ಮೊದಲನೆಯದರದ್ದು. ಹೊಸ ಪ್ಯಾಕಿಂಗ್ ಯಂತ್ರ ಎಲ್ಲ ಪೆಟ್ಟಿಗೆಯನ್ನೂ ಇದೇ ಕ್ರಮದಲ್ಲಿ ತುಂಬುತ್ತಿತ್ತು. ಅವಳ ಹಲಗೆ ಎಲ್ಲ ಪೆಟ್ಟಿಗೆಯಿಂದಲೂ ಮೇಲಿನ ಪದರವನ್ನೇ ಕಚ್ಚುತ್ತಿತ್ತು. ರಾಶಿಯ ಮುಂದೆ, ನಡುವೆ, ಹಿಂದೆ ಎಂದು ಅವಳು ಎಷ್ಟೇ ಜಾಗ್ರತೆಯಿಂದ ಪೆಟ್ಟಿಗೆ ಆರಿಸಿದರೂ ಸುಟ್ಟದ್ದು ಮೊದಲನೇ ಯಂತ್ರದ ಫ್ಯೂಸ್ ಮಾತ್ರ. ನಾಲ್ಕು ಮಕ್ಕಳಿರುವ ಮನೆಗೆ ಹೋಗಿ ದೊಡ್ಡವನ ಹಣೆ ಮಾತ್ರ ಮುಟ್ಟಿ ನೋಡಿ, ಈ ಮನೆಯಲ್ಲಿ ಯಾರಿಗೂ ಜ್ವರ ಇಲ್ಲ ಎಂದು ಆರು ತಿಂಗಳು ಸಹಿ ಮಾಡಿದ ಹಾಗೆ. ದೊಡ್ಡವನ ಹಣೆಯನ್ನು ಒಂದು ಸಲವಲ್ಲ, ಮೂವತ್ತಾರು ಸಲ ಮುಟ್ಟಿದ್ದಳು. ಅದರಿಂದ ಉಳಿದ ಮೂವರ ವಿಷಯ ಒಂದಿಷ್ಟೂ ತಿಳಿಯುವಂತಿರಲಿಲ್ಲ.

ಅವಳು ಕುರ್ಚಿಯ ಮೇಲೆ ಕೂತಳು. ಡಬ್ಬಿಯ ಊಟ ಹಾಗೇ ಇತ್ತು.

ಮೊದಲು ಬಂದ ಯೋಚನೆ ಸುಲಭದ್ದು. ಗಂಟೆ ಇನ್ನೂ ಒಂದೂಕಾಲು. ಲಾರಿಗೆ ಸಾಕಷ್ಟು ಹೊತ್ತಿದೆ. ನಾಲ್ಕೂ ಪದರದಿಂದ ಮೂರು ಮೂರು ತೆಗೆದು ತಾನೊಬ್ಬಳೇ ಸುಟ್ಟು ನೋಡುವುದು. ಎಲ್ಲ ಒಳ್ಳೆಯದಿದ್ದರೆ ಬಾಯಿ ಬಿಡುವ ಅಗತ್ಯವೇ ಇಲ್ಲ. ಹಲಗೆಯನ್ನು ಸದ್ದಿಲ್ಲದೆ ಸರಿ ಮಾಡಿಕೊಂಡರಾಯಿತು. ಶುಕ್ರವಾರ ಶುಕ್ರವಾರದಂತೆಯೇ ಬರುತ್ತದೆ. ಕೆಟ್ಟದ್ದು ಕಂಡರೆ ಆಗ ಹೇಳುವುದು.

ಎದ್ದು ಹಲಗೆಗೆ ಕೈ ಹಾಕಿದಳು. ಹನ್ನೆರಡು ಫ್ಯೂಸ್ ಕೂರಿಸಿಯೂ ಆಯಿತು. ಸ್ವಿಚ್ಚಿನ ಮೇಲೆ ಬೆರಳಿಟ್ಟವಳು ಅಲ್ಲೇ ನಿಂತಳು.

ಕೆಟ್ಟದ್ದು ಕಂಡರೆ ಹೇಳುವುದು ಸರಿ. ಎಷ್ಟು ಕೆಟ್ಟದ್ದು ಕಂಡರೆ? ಮೊದಲ ಹಲಗೆಯಲ್ಲಿ ಒಂದು ಹಟಮಾರಿ ಸಿಕ್ಕರೆ ಹೇಳುತ್ತೇನೆಯೇ? ಅಥವಾ ಇನ್ನೊಂದು ಹಲಗೆ ನೋಡುತ್ತೇನೆಯೇ? ಅದೂ ಓಣಿಯಲ್ಲೇ ನಿಂತರೆ ಮತ್ತೊಂದು? ಎಲ್ಲೋ ಒಂದು ಕಡೆ ಚುಕ್ಕೆ ನನಗೆ ಬೇಕಾದ ಜಾಗಕ್ಕೆ ಬರುತ್ತದೆ, ಅಲ್ಲಿ ನಾನು ನಿಲ್ಲಿಸಿಬಿಡುತ್ತೇನೆ. ಇಪ್ಪತ್ತಮೂರು ವರ್ಷ ಒಂದು ಹಲಗೆಯನ್ನೂ ನಡುವೆ ನಿಲ್ಲಿಸದವಳು ಈಗ ಇಡೀ ಪರೀಕ್ಷೆಯನ್ನೇ ತನ್ನ ಆಸೆಗೆ ತಕ್ಕಂತೆ ನಿಲ್ಲಿಸಲು ಹೊರಟಿದ್ದಾಳೆ. ಅಲ್ಲದೆ ಈ ವಾರದ್ದು ಒಳ್ಳೆಯದೇ ಇರಲಿ. ಒಂಬತ್ತು ದಿನದ ಹಿಂದೆ ಚಕ್ರ ಬದಲಾಗಿದೆ. ಹೋದ ವಾರದ ಸರಕು ಊರಿಗೆ ಹೋಗಿ ಆಗಿದೆ.

ಹೇಳುವುದಾದರೆ ಸುಡುವ ಮೊದಲು ಹೇಳಬೇಕು. ಸುಟ್ಟ ಮೇಲೆ ಹೇಳಿದರೆ ಅದು ಬೇರೆ ಮಾತಾಗುತ್ತದೆ.

ಅವಳು ಸ್ವಿಚ್ ಒತ್ತಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಮ್ಯಾನೇಜರ್ ಕೋಣೆಗೆ ನಡೆದಳು.

ಮ್ಯಾನೇಜರ್ ಒಳ್ಳೆಯ ಮನುಷ್ಯ. ಆದರೆ ಲಾರಿಯ ದಿನ ಯಾರಿಗೂ ಒಳ್ಳೆಯವನಾಗಿರಲು ಪುರುಸೊತ್ತಿಲ್ಲದವನು. ಅವಳು ಒಂದು ಚುಕ್ಕೆಯ ಫ್ಯೂಸ್‌ಗಳನ್ನು ಮೇಜಿನ ಮೇಲೆ ಸುರಿದು ಎಲ್ಲವನ್ನೂ ಹೇಳಿದಳು. ಅವನು ಎರಡು ಸಲ ಕೇಳಿದ. ಮೂರನೇ ಸಲಕ್ಕೆ ಅರ್ಥವಾಯಿತು.

“ಆರು ತಿಂಗಳಾ?”

“ಹೌದು ಸರ್. ಹೊಸ ಹಲಗೆ ಮಾಡಿಸಿದಾಗಿನಿಂದ.”

“ಆ ಹಲಗೆ ಚಿತ್ರ ನಾನು ಎಲ್ಲಾ ಕಡೆ ಕಳಿಸಿದ್ದೀನಲ್ಲಕ್ಕಾ.”

“ಅವರಿಗೂ ಹೇಳಬೇಕಾಗುತ್ತೆ ಸರ್.”

ಅವನು ಕಿಟಕಿಯ ಕಡೆ ನೋಡಿದ. “ಶುಕ್ರವಾರ ಏನಿದೆ ಅಂತ ನೆನಪಿದೆ ತಾನೆ ನಿಮಗೆ?”

“ನೆನಪಿಲ್ಲದೇ ಇರುತ್ತಾ?”

“ಸುಟ್ಟು ನೋಡಿದ್ರಾ?”

“ಇಲ್ಲ. ನೀವೂ ಬನ್ನಿ. ಫಿಟ್ಟರ್‌ನೂ ಕರೀರಿ. ಎಲ್ಲರ ಮುಂದೆ ಸುಡೋಣ.”

ಮೂವರೂ ಪರೀಕ್ಷೆ ಕೋಣೆಯಲ್ಲಿ ಸೇರಿದರು. ಬೆಳಗಿನ ಪಾಸಿಗೆ ಅಡ್ಡಗೆರೆ ಎಳೆದು, ಕೆಳಗೆ ಮರುಪರೀಕ್ಷೆ ಎಂದು ಬರೆದು, ಹಲಗಕ್ಕ ಹೊಸ ಗ್ರಾಫ್ ಹಾಳೆ ಬಿಡಿಸಿದಳು. ಒಂದೊಂದು ಹಲಗೆಗೂ ನಾಲ್ಕು ಯಂತ್ರದಿಂದ ಮೂರು ಮೂರು, ಒಟ್ಟು ಹನ್ನೆರಡು; ಮೊದಲಿನಂತೆ ಕೈಯಿಂದಲೇ ಆರಿಸಿ ಕೂರಿಸಬೇಕು, ಹಲಗೆಗೆ ಕಾಲು ಗಂಟೆ.

ಮೊದಲ ಹಲಗೆ. ದೀಪಗಳು ಒಂದರ ಹಿಂದೊಂದು ಹತ್ತಿ ಆರಿದವು. ಏಳನೆಯದು ಹತ್ತಿತು. ಗಂಟೆ ಹೊಡೆಯಿತು. ದೀಪ ಉರಿಯುತ್ತಲೇ ಇತ್ತು.

“ಒಂದು” ಅಂದ ಫಿಟ್ಟರ್.

“ಎಣಿಸಬೇಡಿ. ಹಲಗೆ ಮುಗೀಲಿ.”

ಮುಗಿದ ಮೇಲೆ ನೋಡಿದರೆ ಹಟಮಾರಿ ಒಂದು, ಟೋಪಿಯ ಮೇಲೆ ಮೂರು ಚುಕ್ಕೆ. ಹಾಳೆಯಲ್ಲಿ ಅದು ಓಣಿಯಲ್ಲಿ ನಿಂತಿತು. ಎರಡನೇ ಹಲಗೆಯಲ್ಲಿ ಮತ್ತೊಂದು, ಅದೂ ಮೂರು ಚುಕ್ಕೆ. ಮೂರನೆಯದರಲ್ಲೂ ಒಂದು. ಫಿಟ್ಟರ್ ಅದರ ಟೋಪಿಯನ್ನು ಬೆಳಕಿಗೆ ಹಿಡಿದು ಚುಕ್ಕೆ ನೋಡಿದ, ಮೂರೇ. ಚಕ್ರ ಹಾಕಿದ್ದು ಅವನ ಕೈ. ನಾಲ್ಕನೇ ಹಲಗೆಯಲ್ಲಿ ಒಂದು. ನಲವತ್ತೆಂಟು ಸುಟ್ಟು ನಾಲ್ಕು ಹಟಮಾರಿ. ಹಲಗಕ್ಕ ಚೂಪು ಮಾಡಿದ ಪೆನ್ಸಿಲ್‌ನಿಂದ ಚುಕ್ಕೆ ಇಟ್ಟಳು. ಅದು ಕೆಂಪು ಗೆರೆಯ ಹೊಟ್ಟೆಗೆ ತಲೆ ತಾಗಿಸಿಕೊಂಡು ಕೂತಿತ್ತು, ಆದರೆ ಕೆಳಗೇ ಇತ್ತು.

ಹೊರಗೆ ಲಾರಿಯ ಹಾರನ್ ಕೇಳಿಸಿತು.

ಮ್ಯಾನೇಜರ್ ಹಾಳೆಯ ಮೇಲೆ ಬಗ್ಗಿದ. “ದಾಟಿಲ್ಲ ಅಲ್ವಾ? ನಾಲ್ಕು ಹಲಗೆ ಆಯ್ತು. ಇಷ್ಟು ಹೊತ್ತಿಗೆ ವಾಪಸ್ಸು ಅಂತ ಬಂದಿಲ್ಲ ಅಂದ್ರೆ ಕಳಿಸಬಹುದಲ್ವಾ ಅಕ್ಕಾ?”

“ಪಾಸು ಅಂತಾನೂ ಬಂದಿಲ್ಲ ಸರ್.”

“ನೀವೇ ಹೇಳಿ. ನಿಮಗೇನನ್ನಿಸುತ್ತೆ?”

“ನನಗನ್ನಿಸೋದನ್ನ ಕೇಳಿದ್ರೆ ಬೆಳಿಗ್ಗೆನೂ ಪಾಸು ಅಂತಲೇ ಅನ್ನಿಸಿತ್ತು. ಇನ್ನೊಂದು ಹಲಗೆ ನೋಡೋಣ.”

ಐದನೇ ಹಲಗೆಯ ಮೊದಲ ಫ್ಯೂಸಿಗೇ ದೀಪ ಆರಲಿಲ್ಲ. ಗಂಟೆ ಹೊಡೆದ ಮೇಲೂ ಹಳದಿಯಾಗಿ ಉರಿಯಿತು. ಮ್ಯಾನೇಜರ್ ಉಸಿರು ಬಿಟ್ಟು, “ಸಾಕು ಬಿಡಿ, ನಿಲ್ಲಿಸಿ. ದಾಟೇ ದಾಟುತ್ತೆ. ಲಾರಿಯವನಿಗೆ ಹೋಗು ಅಂತೀನಿ” ಎಂದು ಬಾಗಿಲಿಗೆ ತಿರುಗಿದ.

“ಹನ್ನೊಂದಿದೆ ಸರ್ ಇನ್ನೂ. ಎರಡು ನಿಮಿಷ.”

“ಏನು ವ್ಯತ್ಯಾಸ ಆಗುತ್ತೆ?”

“ಇವತ್ತು ಬೇಡ ಅನ್ನೋಕೆ ನಡುವೆ ನಿಲ್ಲಿಸ್ತೀವಿ. ನಾಳೆ ಯಾರೋ ಬೇಕು ಅನ್ನೋಕೆ ನಡುವೆ ನಿಲ್ಲಿಸ್ತಾರೆ.”

ಅವನು ನಿಂತ. ಹನ್ನೊಂದು ದೀಪ ಹತ್ತಿದವು, ಹನ್ನೊಂದೂ ಆರಿದವು. ಅರವತ್ತಕ್ಕೆ ಐದು. ಚುಕ್ಕೆ ಕೆಂಪು ಗೆರೆಯನ್ನು ದಾಟಿತು, ಸರಕು ವಾಪಸ್ಸು. ಐದೂ ಹಟಮಾರಿಗಳು ಮೂರನೇ ಯಂತ್ರದವು. ಸುಟ್ಟ ಅರವತ್ತರಲ್ಲಿ ಆ ಯಂತ್ರದ್ದು ಹದಿನೈದು. ಅಂದರೆ ಮೂರರಲ್ಲಿ ಒಂದು ಫ್ಯೂಸ್ ಸಾಯಬೇಕಾದಾಗ ಸಾಯುತ್ತಿರಲಿಲ್ಲ. ಫಿಟ್ಟರ್ ಒಂದನ್ನು ಒಡೆದು ನೋಡಿದ. ಹೊಸ ಚಕ್ರ ತಂತಿಯನ್ನು ಸಾಕಷ್ಟು ಎಳೆಯದೆ ದಪ್ಪಗೆ ಬಿಟ್ಟಿತ್ತು.

ಲಾರಿ ಖಾಲಿ ಹೋಯಿತು.

ಮರುದಿನ ಪ್ರತಿ ಸರಕಿನಿಂದ ಮಾದರಿಗೆಂದು ತೆಗೆದಿಟ್ಟಿದ್ದ ಒಂದೊಂದು ಪೆಟ್ಟಿಗೆಯನ್ನು ಹಲಗಕ್ಕ ಬಿಚ್ಚಿದಳು. ಎಲ್ಲಕ್ಕಿಂತ ಮೊದಲು ಬಿಚ್ಚಿದ್ದು ಹೋದ ವಾರದ್ದು. ಅದರಲ್ಲಿ ಮೂರನೇ ಯಂತ್ರದ ಹನ್ನೆರಡರಲ್ಲಿ ಐದು ಹಟಮಾರಿ. ಅದಕ್ಕೂ ಹಿಂದಿನವು, ಚಕ್ರ ಬದಲಾಗುವ ಮುಂಚಿನವು, ನೋಡಿದಷ್ಟೂ ಸರಿಯಾಗಿದ್ದವು. ಪುಣ್ಯಕ್ಕೆ ಉಳಿದೆವು ಎಂದು ಎಲ್ಲರೂ ಅಂದರು. ಪುಣ್ಯವನ್ನು ಪರೀಕ್ಷೆಯ ಪುಸ್ತಕದಲ್ಲಿ ಬರೆಯಲು ಜಾಗವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಶುಕ್ರವಾರ ಮ್ಯಾನೇಜರ್ ಕರೆದ. ಕೂರಲು ಹೇಳಿದ. ಅದರಿಂದಲೇ ಅವಳಿಗೆ ತಿಳಿಯಿತು.

“ನಿಮಗೆ ಕೊಟ್ರೆ ತಪ್ಪು ಮಾಡಿದವರನ್ನೇ ಮೇಲೆ ಕೂರಿಸಿದ್ರು ಅಂತಾರೆ. ಕೊಡದಿದ್ರೆ ಇನ್ಮೇಲೆ ಯಾರೂ ತಮ್ಮ ತಪ್ಪನ್ನ ತಾವಾಗಿ ಬಂದು ಹೇಳಲ್ಲ. ಎರಡು ದಿನ ನಿದ್ದೆ ಮಾಡಿಲ್ಲ ನಾನು. ಮೇಲಿನವರು ಡಿಪ್ಲೊಮಾದವನ ಹೆಸರು ಬರೆದು ಕಳಿಸಿದ್ದಾರೆ.”

“ನೀವೇನು ಬರೆದು ಕಳಿಸಿದ್ರಿ ಸರ್?”

ಅವನು ಮೇಜಿನ ಮೇಲಿನ ಕಾಗದ ಪಕ್ಕಕ್ಕೆ ಸರಿಸಿದ. “ಎರಡೂ ಹೆಸರು ಕಳಿಸಿದೆ. ನಾನೇನೂ ಹೇಳಲಿಲ್ಲ.”

“ಹ್ಞೂಂ” ಅಂದಳು ಅವಳು. ಎದ್ದು ನಿಂತು, “ಹೋದ ವಾರದ ಸರಕಿಂದ ಮೂರು ಪೆಟ್ಟಿಗೆ ಹೊರಗೆ ಮಾರಿಹೋಗಿವೆಯಂತೆ. ಉಳಿದದ್ದೆಲ್ಲ ನಮ್ಮಿಂದ ಸರಕು ತಗೊಂಡಿದ್ದ ದೊಡ್ಡ ಅಂಗಡಿಯವರು ವಾಪಸ್ ಕಳಿಸಿದ್ದಾರೆ. ಆ ಮೂರನ್ನ ಹುಡುಕೋಕೆ ನಾನೇ ಹೋಗ್ತೀನಿ. ವ್ಯಾನ್ ಕೊಡಿಸಿ” ಎಂದಳು.

ಮನೆಗೆ ಬಂದು ವಿಷಯ ಹೇಳಿದಾಗ ಗಂಡ ಬಾಗಿಲಲ್ಲೇ ಶೂ ಬಿಚ್ಚುತ್ತಿದ್ದ. “ಬಾಯಿ ಮುಚ್ಕೊಂಡು ಇದ್ದಿದ್ರೆ?” ಎಂದು ಅಷ್ಟೇ ಕೇಳಿದ.

“ಇದ್ದಿದ್ರೆ ಇವತ್ತು ಸಿಹಿ ತರ್ತಿದ್ದೆ ರೀ.”

“ತಂದಿದ್ರೆ ನಾವೂ ತಿಂತಿದ್ವಿ” ಅಂದರು ಅತ್ತೆ ಒಳಗಿನಿಂದ. “ಆಮೇಲೆ ಯಾರ ಮನೆ ಬೋರ್ಡಿಗೋ ಬೆಂಕಿ ಬಿತ್ತು ಅಂತ ಪೇಪರ್‌ನಲ್ಲಿ ನೋಡಿದಾಗೆಲ್ಲ ನೀನು ಇದೇ ಗೋಡೆ ಕಡೆ ಮುಖ ಹಾಕ್ಕೊಂಡು ಕೂತಿರ್ತಿದ್ದೆ. ಅದನ್ನ ನೋಡೋಕೆ ನನ್ನಿಂದ ಆಗ್ತಿರಲಿಲ್ಲಮ್ಮ. ಕೈಕಾಲು ತೊಳ್ಕೋ, ಊಟಕ್ಕೆ ಬಾ.”

ಆಮೇಲೆ ಅವಳು ಅತ್ತಳು. ಊಟವಾದ ಮೇಲೆ, ಪಾತ್ರೆ ತೊಳೆಯುತ್ತ, ನಲ್ಲಿ ಜೋರಾಗಿ ಬಿಟ್ಟುಕೊಂಡು. ಆಸೆ ಇದ್ದದ್ದು ನಿಜ, ಸಿಗದಿದ್ದದ್ದೂ ನಿಜ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡ ಮಾತ್ರಕ್ಕೆ ಎದೆಯೊಳಗಿನ ನೋವು ಕಡಿಮೆಯಾಗಲಿಲ್ಲ.

ಸೋಮವಾರ ವ್ಯಾನಿನಲ್ಲಿ ಅವಳ ಜೊತೆ ಫಿಟ್ಟರ್ ಹೊರಟ. ಯಾರೂ ಹೇಳಿರಲಿಲ್ಲ, ತಾನಾಗಿಯೇ ಬಂದ. ಮೂರು ಪೆಟ್ಟಿಗೆಯಲ್ಲಿ ಮೂರು ಚುಕ್ಕೆಯವು ಮೂವತ್ತಾರು. ಅವುಗಳನ್ನು ಕೊಂಡಿದ್ದವನು ಒಬ್ಬ ಎಲೆಕ್ಟ್ರಿಷಿಯನ್. ಅವನ ಚೀಲದಲ್ಲೇ ಇಪ್ಪತ್ತೆರಡು ಹಾಗೇ ಇದ್ದವು. ಉಳಿದ ಹದಿನಾಲ್ಕನ್ನು ಹುಡುಕಲು, ಆ ಪೆಟ್ಟಿಗೆಗಳ ಫ್ಯೂಸ್ ಎಲ್ಲೆಲ್ಲಿ ಹಾಕಿದ್ದೇನೆ ಎಂದು ಅವನು ತಲೆ ಕೆರೆದು ಕೆರೆದು ಒಂದು ಪಟ್ಟಿ ಬರೆಸಿದ. ಒಂದು ಬೇಕರಿ, ಎರಡು ಮನೆ, ಒಂದು ಟೈಪಿಂಗ್ ಶಾಲೆ, ಹೀಗೆ.

ಪಟ್ಟಿಯ ಎಂಟನೆಯದು ಒಂದು ಇಸ್ತ್ರಿ ಅಂಗಡಿ. ಎರಡು ಮೇಜು, ಗೋಡೆಯ ತುಂಬ ನೇತುಹಾಕಿದ ಅಂಗಿಗಳು, ಕಾದ ಬಟ್ಟೆಯ ವಾಸನೆ. ಅಂಗಡಿಯ ಮುದುಕ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದ.

“ಫ್ಯೂಸ್ ಬದಲಾಯಿಸೋಕೆ ಬಂದ್ರಾ? ನಾನು ಕರೆದೇ ಇಲ್ವಲ್ಲ. ಕರೆಂಟ್ ಚೆನ್ನಾಗೇ ಬರ್ತಿದೆ.”

“ಬರೋದು ಗೊತ್ತು ಅಜ್ಜಾ. ಹೋಗಬೇಕಾದಾಗ ಹೋಗುತ್ತಾ ಅನ್ನೋದೇ ಗೊತ್ತಿಲ್ಲ.”

ಮುದುಕನಿಗೆ ಅರ್ಥವಾಗಲಿಲ್ಲ, ಆದರೂ ಸ್ವಿಚ್ ಆರಿಸಿದ. ಹಲಗಕ್ಕ ಸ್ಟೂಲಿನ ಮೇಲೆ ಹತ್ತಿ ಬೋರ್ಡ್ ಬಿಚ್ಚಿ ಫ್ಯೂಸ್ ತೆಗೆದು ಟೋಪಿ ನೋಡಿದಳು. ಮೂರು ಚುಕ್ಕೆ. ಅದರ ಜಾಗಕ್ಕೆ ಹೊಸದನ್ನು ಕೂರಿಸಿದಳು. ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಮತ್ತೆ ಹತ್ತಿಕೊಂಡಿತು.

“ಇಲ್ಲಿದ್ದದ್ದು ಕೆಟ್ಟಿತ್ತಾ?” ಮುದುಕ ಕೇಳಿದ.

ಅವಳು ಅಂಗೈಯ ಮೇಲಿದ್ದ ಫ್ಯೂಸ್ ನೋಡಿದಳು. ಹೊರಗಿನಿಂದ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಬೆಳ್ಳಗೆ, ನುಣುಪಾಗಿ, ಎಲ್ಲ ಫ್ಯೂಸಿನ ಹಾಗೆ ಇತ್ತು.

“ಹೇಳೋಕಾಗಲ್ಲ ಅಜ್ಜಾ. ಇಂಥ ಮೂರರಲ್ಲಿ ಒಂದು ಕೆಟ್ಟಿರುತ್ತೆ. ಇದು ಆ ಒಂದೋ ಉಳಿದ ಎರಡೋ ಗೊತ್ತಾಗಬೇಕಾದ್ರೆ ಸುಡಬೇಕು.”

“ಮತ್ತೆ ಒಳ್ಳೇದನ್ನೇ ತೆಗೆದ್ರೋ ಏನೋ.”

“ಇರಬಹುದು.”

“ಇದಕ್ಕೋಸ್ಕರ ಕಾರ್ಖಾನೆಯಿಂದ ಇಲ್ಲಿವರೆಗೆ ಬಂದ್ರಾ? ನೀವೇನು ಅಲ್ಲಿ ಇನ್‌ಚಾರ್ಜಾ?”

ಬಾಗಿಲಲ್ಲಿ ನಿಂತಿದ್ದ ಫಿಟ್ಟರ್ ರಸ್ತೆಯ ಕಡೆ ಮುಖ ತಿರುಗಿಸಿದ.

“ಅಲ್ಲ ಅಜ್ಜಾ” ಅಂದಳು ಹಲಗಕ್ಕ ಸ್ಟೂಲಿನಿಂದ ಇಳಿಯುತ್ತ. “ಪರೀಕ್ಷೆ ಮಾಡೋಳು.”

ಪಟ್ಟಿಯಲ್ಲಿ ಎಂಟನೇ ಸಾಲಿಗೆ ಗುರುತು ಹಾಕಿದಳು. ಒಂಬತ್ತನೆಯದು ಮುಂದಿನ ಬೀದಿಯಲ್ಲಿತ್ತು. ಅಷ್ಟು ದೂರಕ್ಕೆ ವ್ಯಾನ್ ಯಾಕೆಂದು ಇಬ್ಬರೂ ನಡೆದೇ ಹೋದರು.